ರುಮಾಲಿನ ಕೆಳಗಿನ ಮಾತು

ಶೈಲಾ ಹಂಜಗಿ ಎರಡು ಸಾವಿರದ ಆರನೆಯ ಇಸವಿ ಆಗಸ್ಟ್ ತಿಂಗಳಲ್ಲಿ, ಒಂದು ಮಂಗಳವಾರ ಬೆಳಗಿನ ಜಾವ, ಪುಣೆಯ ಬಿಬವೇವಾಡಿಯ ತನ್ನ ಮನೆಯಲ್ಲಿ ತೀರಿಕೊಂಡಳು. ನಿದ್ದೆಯಲ್ಲೇ ಹೃದಯ ನಿಂತಿತ್ತು ಎಂದು ಡಾಕ್ಟರು ಹೇಳಿದರು. ಅವಳಿಗೆ ನಲವತ್ತೇಳು ವರ್ಷ. ಮನೆಯಲ್ಲಿ ಅಪ್ಪ ಮಲಕಪ್ಪ, ಅವ್ವ ರುದ್ರವ್ವ ಇದ್ದರು.

ಅವಳು ಬರೆದದ್ದು ಹೆಚ್ಚಿಲ್ಲ. ಮುದುಕರಿಗೆ, ರೋಗಿಗಳಿಗೆ, ದುಡಿಯಲಾರದವರಿಗೆ ಒಂದೊಂದು ಸಮಾಜ ಏನು ವ್ಯವಸ್ಥೆ ಮಾಡುತ್ತದೆ, ಒಂದು ಕಡೆಯದು ಇನ್ನೊಂದು ಕಡೆಗಿಂತ ಹೇಗೆ ಬೇರೆ ಎಂದು ಹೋಲಿಸಿ ನೋಡುವ ಲೇಖನಗಳು. ವಿದ್ವಾಂಸರು ಓದುವ ಪತ್ರಿಕೆಗಳಲ್ಲಿ ಅಚ್ಚಾದವು ಎರಡೇ. ಮೂರನೆಯದಕ್ಕೆ ಒಪ್ಪಿಗೆ ಬಂದಿತ್ತು. ಅದನ್ನು ಅವಳೇ ವಾಪಸು ತರಿಸಿಕೊಂಡಳು. ಅದರ ಜಾಗದಲ್ಲಿ ಹೊಸದಾಗಿ ಬರೆಯಲು ಕೂತದ್ದು ಒಂದು ವಾಕ್ಯದಷ್ಟಿದೆ. ಹನ್ನೆರಡು ವರ್ಷ ಕಲಿತ ವಿದ್ಯೆಯೆಲ್ಲ ಆ ಒಂದು ವಾಕ್ಯದಲ್ಲಿದೆ ಎಂದರೆ ಹೊಗಳಿಕೆಯ ಮಾತು ಅನ್ನಿಸಬಹುದು. ಇರಲಿ. ಆ ವಾಕ್ಯದವರೆಗೆ ಅವಳು ನಡೆದ ದಾರಿ ಇದು.

ಮಲಕಪ್ಪನವರು ಇಂಡಿ ತಾಲೂಕಿನಿಂದ ಮೀಸೆ ಮೂಡುವ ವಯಸ್ಸಿನಲ್ಲಿ ಪುಣೆಗೆ ಬಂದವರು. ಬೇಳೆ ಬೆಲ್ಲದ ದಲಾಲಿ ನಡೆಸುವ ಅಡತಿ ಅಂಗಡಿಯೊಂದರಲ್ಲಿ ದಿವಾಣಜಿ, ಅಂದರೆ ಲೆಕ್ಕ ಬರೆಯುವವರು. ಪೇಟೆ ಊರೊಳಗಿನಿಂದ ಗುಲ್ಟೇಕಡಿಯ ಮಾರ್ಕೆಟ್ ಯಾರ್ಡಿಗೆ ಎದ್ದು ಬಂದಾಗ ಅಂಗಡಿಯ ಜೊತೆ ಅವರೂ ಬಂದರು. ಮಾಲಕರು ಬದಲಾದರು, ಸಾವುಕಾರರ ಗಾದಿಯ ಪಕ್ಕದ ಇಳಿಜಾರು ಮೇಜು ಮಾತ್ರ ಅವರದೇ ಆಗಿ ಉಳಿಯಿತು. ಬಿಳಿ ಧೋತರ, ಬಿಳಿ ಟೋಪಿ, ಅಂಗಿಯ ಕಿಸೆಯಲ್ಲಿ ಎರಡು ಪೆನ್ನು. ಅವರು ನಡೆದು ಬಂದರೆ ಚೀಲ ಹೊತ್ತ ಹಮಾಲರು ಪಕ್ಕಕ್ಕೆ ಸರಿದು ದಾರಿ ಬಿಡುತ್ತಿದ್ದರು. ಬೆನ್ನ ಮೇಲೆ ಕ್ವಿಂಟಲ್ ಭಾರ ಇದ್ದವನು ದಾರಿ ಬಿಡಬೇಕು, ಕಿಸೆಯಲ್ಲಿ ಪೆನ್ನು ಇದ್ದವನು ನಡೆಯಬೇಕು. ಅದು ವಿಚಿತ್ರ ಎಂದು ಅಲ್ಲಿ ಯಾರಿಗೂ ಅನ್ನಿಸಿರಲಿಲ್ಲ.

ಶಾಲೆ ಬಿಟ್ಟ ಮೇಲೆ ಅಪ್ಪನ ಬುತ್ತಿ ಒಯ್ಯುವುದು ಶೈಲಾಳ ಕೆಲಸ. ಬುತ್ತಿ ಬಿಚ್ಚುವವರೆಗೆ ಅವಳು ಬೆಲ್ಲದ ಪೆಂಟೆಗಳ ಸಂದಿಯಲ್ಲಿ ಕೂತು ವ್ಯಾಪಾರ ನೋಡುತ್ತಿದ್ದಳು. ನಿಯಮದ ಪ್ರಕಾರ ಎಲ್ಲರೆದುರು ಕೂಗಿ ಲಿಲಾವು ನಡೆಯಬೇಕು, ನಡೆಯುತ್ತಲೂ ಇತ್ತು. ಆದರೂ ಹಳೆಯ ತಲೆಗಳು ದೊಡ್ಡ ಸರಕಿನ ಮಾತು ಬಂದರೆ ರುಮಾಲು ಹಾಸುತ್ತಿದ್ದವು. ಕೊಳ್ಳುವವನ ಕೈ, ಮಾರುವವನ ಕೈ ಎರಡೂ ಬಟ್ಟೆಯ ಕೆಳಗೆ. ಬೆರಳು ಒತ್ತಿ ಧಾರಣೆ ಹೇಳುವುದು, ಬೆರಳು ಮಡಚಿ ಇಳಿಸುವುದು. ಬಾಯಿ ಮಾತ್ರ ಮಗಳ ಮದುವೆ, ಈ ಸಲದ ಮುಂಗಾರು, ಪಂಢರಪುರದ ಜಾತ್ರೆಯ ಗದ್ದಲ ಅಂತ ಊರ ಮೇಲಿನ ಸುದ್ದಿ ಆಡುತ್ತಿತ್ತು. ಪಕ್ಕದಲ್ಲಿ ನಿಂತವನಿಗೂ ಧಾರಣೆ ಗೊತ್ತಾಗುತ್ತಿರಲಿಲ್ಲ. “ಬಾಯಿ ಬಿಟ್ಟಾಂವ ಬಜಾರ ಬಿಟ್ಟ” ಎಂದು ಮಲಕಪ್ಪನವರು ಮಗಳಿಗೆ ಹೇಳುತ್ತಿದ್ದರು. ಅವಳು ಕಲಿತ ಮೊದಲ ಪಾಠ ಅದು. ಬಿಡಿಸಿಕೊಳ್ಳಲು ಬಹಳ ಕಾಲ ಹಿಡಿದ ಪಾಠವೂ ಅದೇ.

ಓದಿ, ಎಂ.ಎ. ಮಾಡಿ, ಕೆಲಸಗಾರರ ಮಕ್ಕಳೇ ಹೆಚ್ಚಾಗಿ ಬರುವ ಒಂದು ಸಂಜೆ ಕಾಲೇಜಿನಲ್ಲಿ ಅವಳು ಸಮಾಜಶಾಸ್ತ್ರದ ಅಧ್ಯಾಪಕಿಯಾದಳು. ಅಲ್ಲಿ ಇಂಗ್ಲಿಷ್ ಕಲಿಸುವ ಪ್ರಫುಲ್ಲಾ ಅವಳ ಗೆಳತಿಯಾದಳು. ಪ್ರಫುಲ್ಲಾ ಉಡುಪಿ ಕಡೆಯವಳು. ಅವಳ ಅಪ್ಪ ಸಂಕಪ್ಪ ಶೆಟ್ಟರದು ಸ್ವಾರಗೇಟಿನ ಹತ್ತಿರ ಹೋಟೆಲು. ಸ್ಟಾಫ್ ರೂಮಿನಲ್ಲಿ ಎಲ್ಲರೂ ಮರಾಠಿ, ಇವರಿಬ್ಬರೇ ಕನ್ನಡ. ಅದೂ ಒಬ್ಬಳ ಕನ್ನಡ ಇನ್ನೊಬ್ಬಳಿಗೆ ನಗು ಬರಿಸುವಂಥದ್ದು.

ತೊಂಬತ್ತನಾಲ್ಕರಲ್ಲಿ ಹೊಸ ಪ್ರಿನ್ಸಿಪಾಲರು ಬಂದರು. ಮುಂದೆ ಬಡ್ತಿ ಬೇಕಾದವರು ಒಳ್ಳೆಯ ಪತ್ರಿಕೆಗಳಲ್ಲಿ ಲೇಖನ ಪ್ರಕಟಿಸಬೇಕು ಎಂದರು. ಉಳಿದವರು ಗೊಣಗಿದರು. ಶೈಲಾ ಗೊಣಗಲಿಲ್ಲ. ಅವಳಿಗೆ ಒಳಗೊಳಗೇ ಖುಷಿಯಾಗಿತ್ತು. ಬೇರೆ ಬೇರೆ ದೇಶಗಳ ಪಿಂಚಣಿ, ಬಡವರ ಕಾಯಿದೆ, ಕಾರ್ಮಿಕ ವಿಮೆ ಇವೆಲ್ಲ ಅವಳು ಪಾಠ ಮಾಡುತ್ತಿದ್ದ ವಿಷಯ. ಬೇಸಿಗೆ ರಜೆಯೆಲ್ಲ ಗ್ರಂಥಾಲಯದಲ್ಲಿ ಕೂತು ಸ್ವೀಡನ್, ಇಂಗ್ಲೆಂಡ್, ಭಾರತ ಮೂರನ್ನೂ ಹೋಲಿಸಿ ದಪ್ಪನೆಯ ಲೇಖನ ಬರೆದಳು. ಮೊದಲು ಪ್ರಫುಲ್ಲಾಗೆ ಕೊಟ್ಟಳು.

ಪ್ರಫುಲ್ಲಾ ಎರಡು ದಿನ ಬಿಟ್ಟು ಹೋಟೆಲಿನಲ್ಲಿ ಎದುರು ಕೂತು ಹೇಳಿದಳು: “ಎಂತ ಮಾರಾಯ್ತಿ ಇದು, ಮನುಷ್ಯ ಹುಟ್ಟಿದಲ್ಲಿಂದ ಸುರು ಮಾಡಿದ್ದೀಯಲ್ಲ. ಸ್ವೀಡನ್ನಿಗೆ ಮುಟ್ಟುವಾಗ ನನಗೇ ಪಿಂಚಣಿ ವಯಸ್ಸಾಯಿತು.”

“ನಗಬ್ಯಾಡ. ತಪ್ಪು ಎಲ್ಲೆ ಅದ ಹೇಳು.”

“ಇಂಗ್ಲಿಷಿನಲ್ಲಿ ಎಂತ ತಪ್ಪಿಲ್ಲ. ನೀನು ಎಂತ ಹೇಳ್ತಿದ್ದೀ ಅಂತ ನನಗೆ ಗೊತ್ತಾಗಲಿಲ್ಲ, ಅಷ್ಟೇ.”

“ಕೊನೀಗೆ ಹೇಳೇನಿ.”

“ಕೊನೆವರೆಗೆ ಯಾರು ಹೋಗುದು? ನಾನು ಗೆಳತಿ ಅಂತ ಹೋದೆ.”

ಕ್ಯಾಶ್ ಕೌಂಟರಿನಿಂದ ಸಂಕಪ್ಪ ಶೆಟ್ಟರು, “ಟೀಚರೇ, ಅವಳ ಮಾತು ಬಿಡಿ. ಆ ದೇಶದಲ್ಲಿ ಹೋಟೆಲು ಮಾಣಿಗಳಿಗೂ ಪಿಂಚಣಿ ಉಂಟಾ?” ಎಂದು ಕೇಳಿದರು. ಉಂಟು ಎಂದಳು ಶೈಲಾ. “ಹಾಗಾದರೆ ನನ್ನ ಮಾಣಿಗಳಿಗೆ ಹೇಳಬೇಡಿ” ಎಂದು ಅವರು ಇನ್ನೊಂದು ಪ್ಲೇಟು ಬನ್ಸ್ ಕಳಿಸಿದರು.

ಲೇಖನ ಹೋಯಿತು, ಕೆಲವು ತಿಂಗಳಲ್ಲಿ ತಿರುಗಿ ಬಂತು. ‘ಲೇಖಕರ ಪ್ರಶ್ನೆ ಏನೆಂದು ತಿಳಿಯಲಿಲ್ಲ’ ಎಂದು ಒಂದೇ ಸಾಲು. ಇನ್ನೊಂದು ಪತ್ರಿಕೆಗೆ ಹೋಯಿತು, ಅಲ್ಲಿಂದಲೂ ಬಂತು. ಶೈಲಾ ಅಳಲಿಲ್ಲ, ಮುನಿಸಿಕೊಳ್ಳಲಿಲ್ಲ. ಆದರೆ ರುದ್ರವ್ವ ಹೇಳುತ್ತಿದ್ದಂತೆ, ಆ ವಾರ ಮನೆಯಲ್ಲಿ ರೊಟ್ಟಿ ಬಡಿಯುವ ಸಪ್ಪಳ ಜೋರಾಗಿತ್ತು.

ಆಗ ಯಾರೋ ಹಣಮಂತ್ರಾಯರ ಹೆಸರು ಹೇಳಿದರು. ಬಾಗಲಕೋಟೆಯವರು, ಅರ್ಥಶಾಸ್ತ್ರದ ಪ್ರಾಧ್ಯಾಪಕರಾಗಿ ನಿವೃತ್ತರಾಗಿ ಸದಾಶಿವ ಪೇಠೆಯ ಹಳೆಯ ವಾಡೆಯೊಂದರ ಮಾಳಿಗೆಯಲ್ಲಿದ್ದರು. ಭಾನುವಾರ ಬೆಳಗ್ಗೆ ಯಾರು ಬೇಕಾದರೂ ತಾವು ಬರೆದದ್ದನ್ನು ತಂದು ಬೈಸಿಕೊಳ್ಳಬಹುದಿತ್ತು. ಶೈಲಾ ಹೋದಳು. ಅವರು ಲೇಖನದ ಕೊನೆಯ ಪುಟದ ಮೇಲೆ ಅಂಗೈ ಮುಚ್ಚಿಟ್ಟು, “ಒಂದ ಮಾತಿನ್ಯಾಗ ಹೇಳ್ರಿ ಶೈಲಾಬಾಯಿ. ಇದರಾಗ ನೀವು ಹೇಳೂದು ಏನು?” ಎಂದು ಕೇಳಿದರು.

ಅವಳು ಹಿನ್ನೆಲೆ ಹೇಳತೊಡಗಿದಳು. ಅವರು ತಲೆ ಅಲ್ಲಾಡಿಸಿದರು. ಇನ್ನೊಂದು ಕಡೆಯಿಂದ ಶುರು ಮಾಡಿದಳು. ಅದಕ್ಕೂ ತಲೆ ಅಲ್ಲಾಡಿತು. ಆಮೇಲೆ ಅವರು ಅಂಗೈ ತೆಗೆದು ಕೊನೆಯ ಪುಟದ ಕೊನೆಯ ಪ್ಯಾರಾ ಓದಿದರು. ಅಲ್ಲಿ, ಕೊನೆಯದರ ಹಿಂದಿನ ವಾಕ್ಯದಲ್ಲಿ, ಅವಳ ಮಾತು ಚೊಕ್ಕವಾಗಿ ಕೂತಿತ್ತು.

“ಇಲ್ಲೇ ಅದ ಅಲ್ರಿ! ಇದು ಯಾಕ ಹಿಂಗ ಮೂಲ್ಯಾಗ ಅಡಗಿಕೊಂಡು ಕುಂತದ?”

“ಮೊದಲ ಹೇಳಿಬಿಟ್ರ ಮುಂದ ಯಾರು ಓದತಾರ್ರಿ ಸರ್?”

ಹಣಮಂತ್ರಾಯರು ಕನ್ನಡಕ ತೆಗೆದು ಅವಳನ್ನೇ ನೋಡಿದರು. “ನಿಮ್ಮ ಮನಿತನ ಯಾವುದು? ಏನು ಉದ್ಯೋಗ?”

“ನಮ್ಮಪ್ಪ ಮಾರ್ಕೆಟ್ ಯಾರ್ಡಿನ್ಯಾಗ ದಿವಾಣಜಿ ಇದ್ದಾರ್ರಿ.”

“ಆತು, ತಿಳೀತು,” ಎಂದು ಅವರು ನಕ್ಕರು. “ನೀವು ರುಮಾಲ ಹಾಸಿ ಬರಿಯಾಕ ಹತ್ತೀರಿ. ಧಾರಣಿ ಬಟ್ಟಿ ಕೆಳಗ, ಮ್ಯಾಲ ಊರ ಸುದ್ದಿ. ಪ್ಯಾಟ್ಯಾಗ ಅದು ಜಾಣತನ. ಇಲ್ಲೆ ಅಲ್ಲ. ಇಲ್ಲೆ ಮೊದಲ ಧಾರಣಿ ಹೇಳಬೇಕು, ಆಮ್ಯಾಲ ಸರಕು ಬಿಚ್ಚಿ ತೋರಿಸಬೇಕು. ಒಪ್ಪಲಾರದಾಂವ ಎದ್ದು ಹೋಗಲಿ.”

ಅವಳಿಗೆ ನಗುವೂ ಬಂತು, ಮುಖವೂ ಕೆಂಪಾಯಿತು. ಬಸ್ಸಿನಲ್ಲಿ ಬರುವಾಗ ತಾನು ಸ್ಟಾಫ್ ರೂಮಿನಲ್ಲಿ ರಜೆ ಕೇಳುವುದೂ ಹೀಗೆಯೇ, ಅವ್ವನಿಗೆ ಸೀರೆ ತರುವ ಸುದ್ದಿ ಹೇಳುವುದೂ ಹೀಗೆಯೇ ಎಂದು ಹೊಳೆಯಿತು.

ಮುಂದಿನ ಭಾನುವಾರದ ಬೈಗುಳ ಬೇರೆ. ಸ್ವೀಡನ್ ಬೇಡ ಎಂದರು ಹಣಮಂತ್ರಾಯರು. “ನೀವು ಅಲ್ಲಿ ನಿಂತು ನೋಡಿಲ್ಲ. ಇನ್ನೊಬ್ಬರು ನೋಡಿದ್ದನ್ನ ಎತ್ತಿ ಇಟ್ಟೀರಿ. ಎರಡು ಚೀಲ ಮಗ್ಗಲ ಮಗ್ಗಲಕ ನಿಂದ್ರಿಸಿದರ ಹೋಲಿಕಿ ಆಗೂದಿಲ್ಲ. ಎರಡನ್ನೂ ಒಂದ ತಕ್ಕಡ್ಯಾಗ ಹಾಕಬೇಕು. ನಿಮ್ಮ ತಕ್ಕಡಿ ಯಾವುದು?”

ತಕ್ಕಡಿ ಹುಡುಕಲು ಅವಳಿಗೆ ಒಂದು ವರ್ಷ ಹಿಡಿಯಿತು. ಅದು ಕಣ್ಣೆದುರೇ ಇತ್ತು. ಮಾರ್ಕೆಟ್ ಯಾರ್ಡಿನ ಹಮಾಲರಿಗೆ ಎಪ್ಪತ್ತರ ದಶಕದಿಂದ ಕಾಯಿದೆಯ ಆಸರೆ ಇತ್ತು. ಹಮಾಲ ಯಾವ ಅಂಗಡಿಯ ಆಳೂ ಅಲ್ಲ. ಅವನ ಹೆಸರು ಇರುವುದು ಆ ಕಾಯಿದೆಯಡಿ ಸರಕಾರ ಕಟ್ಟಿದ ಮಂಡಳಿಯಲ್ಲಿ. ಚೀಲ ಎತ್ತಿಸಿದ ವ್ಯಾಪಾರಿ ಕೂಲಿಯ ಜೊತೆಗೆ ಇಂತಿಷ್ಟು ಎಂದು ಮಂಡಳಿಗೆ ಕಟ್ಟಬೇಕು. ಅದರಿಂದ ಅವನಿಗೆ ಭವಿಷ್ಯನಿಧಿ, ಔಷಧಿ, ಬೆನ್ನು ಬಾಗಿದ ಮೇಲೆ ಒಂದು ಗಂಟು. ಅದೇ ಚೀಲ, ಅದೇ ಬೇಳೆ ಬಿಜಾಪುರದ ಪೇಟೆಯಲ್ಲೂ ಇತ್ತು. ಅಲ್ಲಿ ಇದ್ಯಾವುದೂ ಇರಲಿಲ್ಲ. ಒಂದೇ ಕೆಲಸ, ಎರಡು ಊರು.

ರಜೆಯಲ್ಲಿ ಅವಳು ಬಿಜಾಪುರಕ್ಕೆ ಹೋಗಿ ಸೋದರತ್ತೆ ಗಂಗೂಬಾಯಿಯ ಮನೆಯಲ್ಲಿ ಉಳಿದು ದಿನಾ ಪೇಟೆಗೆ ಹೋಗುತ್ತಿದ್ದಳು. “ಕಾಲೇಜಿನ ಮಾಸ್ತರಿಣಿ ಹಮಾಲರ ಸಂಗಾಟ ಕುಂತು ಚಾ ಕುಡೀತಾಳ” ಎಂದು ಗಂಗೂಬಾಯಿ ಬೀದಿಯಲ್ಲೆಲ್ಲ ಹೇಳಿದಳು, ಅರ್ಧ ದೂರು, ಅರ್ಧ ಹೆಮ್ಮೆ. ಒಬ್ಬ ಹಮಾಲನನ್ನು ಮುಪ್ಪಿನಲ್ಲಿ ಹೇಗೆ ಎಂದು ಕೇಳಿದರೆ, “ಮುಪ್ಪು ಬರೂತನಕ ಇದ್ರ ಅಲ್ಲೇನ್ರಿ ಅಕ್ಕಾರ, ಅದರ ಚಿಂತಿ?” ಎಂದು ಅವನು ನಕ್ಕುಬಿಟ್ಟ. ಅಲ್ಲಿಯೂ ಏನೂ ಇಲ್ಲವೆಂದಲ್ಲ. ವ್ಯಾಪಾರಿಗಳು ಪ್ರತಿ ವ್ಯವಹಾರದಲ್ಲೂ ಧರ್ಮಾದಾಯ ಎಂದು ಚೂರು ತೆಗೆದಿಡುತ್ತಿದ್ದರು. ಗೋಶಾಲೆಗೆ, ಮಠಕ್ಕೆ, ಮಗಳ ಮದುವೆ ಅಡಚಣೆಯಾದ ಹಮಾಲನಿಗೆ. ಸಾವುಕಾರರ ಮನಸ್ಸು ಬಂದರೆ ಉಂಟು, ಬರದಿದ್ದರೆ ಇಲ್ಲ. ಪುಣೆಯಲ್ಲಿ ಹಮಾಲ ತನ್ನ ಹಕ್ಕೆಂದು ಕೇಳಿ ಪಡೆಯುತ್ತಿದ್ದ. ಬಿಜಾಪುರದಲ್ಲಿ ಕೈಮುಗಿದು ಪಡೆಯುತ್ತಿದ್ದ. ಇದು ಅವಳ ಮೊದಲ ಲೇಖನವಾಯಿತು. ಈ ಸಲ ಮಾತನ್ನು ಮೊದಲ ಪ್ಯಾರಾದಲ್ಲೇ ಹೇಳಿದ್ದಳು. ಹೇಳುವಾಗ ಬೀದಿಯಲ್ಲಿ ಸೆರಗು ಜಾರಿದ ಹಾಗೆ ಆಯಿತು ಎಂದು ಪ್ರಫುಲ್ಲಾಗೆ ಹೇಳಿದಳಂತೆ. ಪರಿಶೀಲಕರು ಎರಡು ಸಲ ತಿದ್ದಿಸಿದರು, ಮೂರನೆಯ ಸಲ ಒಪ್ಪಿದರು. ಅಚ್ಚಾದ ಪ್ರತಿ ಬಂದ ದಿನ ಸಂಕಪ್ಪ ಶೆಟ್ಟರು ಹೋಟೆಲಿನಲ್ಲಿದ್ದವರಿಗೆಲ್ಲ ಜಿಲೇಬಿ ಕೊಟ್ಟರು. ಏಕೆಂದು ಗಿರಾಕಿಗಳಿಗೆ ತಿಳಿಯಲಿಲ್ಲ.

ಎರಡನೆಯದು ಸ್ವಲ್ಪ ಸುಲಭವಾಯಿತು. ಅಷ್ಟರಲ್ಲಿ ಹಣಮಂತ್ರಾಯರು ತೀರಿಕೊಂಡರು. ಅವರ ಮಾಳಿಗೆಯ ಪಾಠ ಶೈಲಾಳ ತರಗತಿಗೆ ಬಂತು. ಹುಡುಗಿಯರು ಬರೆದು ತಂದರೆ ಕೊನೆಯ ಪುಟದ ಮೇಲೆ ಅಂಗೈ ಇಟ್ಟು ಮರಾಠಿಯಲ್ಲಿ ಅದೇ ಪ್ರಶ್ನೆ ಕೇಳುತ್ತಿದ್ದಳು.

ಮೂರನೆಯ ಲೇಖನದ ಬೀಜ ಬಿದ್ದದ್ದು ಮನೆಯಲ್ಲೇ. ಮಲಕಪ್ಪನವರು ಕಣ್ಣು ಮಂಜಾಗಿ ಅಂಗಡಿ ಬಿಟ್ಟಿದ್ದರು. ಬಿಟ್ಟ ದಿನ ಸಾವುಕಾರರು ಶಾಲು ಹೊದಿಸಿ ತೆಂಗಿನಕಾಯಿ ಕೊಟ್ಟರು. ಅಷ್ಟೇ. ಅದೇ ಅಂಗಡಿಯ ಮುಂದೆ ಚೀಲ ಹೊತ್ತ ಧೋಂಡಿಬಾ ಎಂಬ ಹಮಾಲನೂ ಆ ವರ್ಷವೇ ಕೆಲಸ ಬಿಟ್ಟಿದ್ದ. ಅವನು ಗುರುವಾರಕ್ಕೊಮ್ಮೆ ಬಿಬವೇವಾಡಿಗೆ ಬಂದು, “ಕಾಯ್ ದಿವಾಣಜೀ, ಬರಂ ಆಹೇ ನಾ?” ಎಂದು ಬಾಗಿಲಲ್ಲೇ ಕೂಗಿ ಕ್ಷೇಮ ಕೇಳುತ್ತಿದ್ದ. ಇಬ್ಬರೂ ಚಹಾ ಕುಡಿಯುತ್ತ ಪೇಟೆಯ ಸತ್ತವರನ್ನು ನೆನೆಯುತ್ತಿದ್ದರು. ಧೋಂಡಿಬಾ ಮಂಡಳಿಯಿಂದ ಬಂದ ಗಂಟಿನಲ್ಲಿ ಮನೆಗೆ ಸ್ಲ್ಯಾಬು ಹಾಕಿಸಿದ್ದ, ಕಣ್ಣಿನ ಆಪರೇಷನ್ ಮಾಡಿಸಿಕೊಂಡಿದ್ದ. ಮಲಕಪ್ಪನವರ ಕಣ್ಣಿನ ಆಪರೇಷನ್ ಶೈಲಾ ಮಾಡಿಸಿದಳು. ಈಗಲೂ ಧೋಂಡಿಬಾ ನೆಲದ ಮೇಲೆ ಕೂರುತ್ತಿದ್ದ, ಮಲಕಪ್ಪನವರು ಕುರ್ಚಿಯಲ್ಲಿ. ಎಷ್ಟು ಹೇಳಿದರೂ ಅವನು ಮೇಲೆ ಕೂರಲಿಲ್ಲ, ಇವರು ಕೆಳಗೆ ಬರಲಿಲ್ಲ.

ಒಂದು ಗುರುವಾರ ಅವರನ್ನು ನೋಡುತ್ತ ನಿಂತಾಗ ಶೈಲಾಳಿಗೆ ಹೊಳೆಯಿತು: ಹೋಲಿಸಲು ಬಿಜಾಪುರಕ್ಕೆ ಹೋಗಬೇಕಾಗಿಯೇ ಇರಲಿಲ್ಲ. ಒಂದೇ ಅಂಗಡಿಯೊಳಗೆ ಎರಡು ಊರುಗಳಿದ್ದವು. ಹಮಾಲ ಪುಣೆಯ ಕಾಯಿದೆಯಲ್ಲಿ ಬದುಕಿದ್ದ. ದಿವಾಣಜಿ ಬಿಜಾಪುರದ ಕೈಮುಗಿಯುವ ಪದ್ಧತಿಯಲ್ಲಿ ಬದುಕಿದ್ದ. ಚೀಲ ಹೊತ್ತವನಿಗೆ ಮುಪ್ಪಿಗೆ ಆಸರೆಯಿತ್ತು, ಆ ಚೀಲದ ಲೆಕ್ಕ ಬರೆದವನಿಗೆ ಶಾಲು.

ಮೂರು ವರ್ಷ ಅವಳು ಇದರ ಹಿಂದೆ ಬಿದ್ದಳು. ಪೇಟೆಯ ಎಷ್ಟೋ ದಿವಾಣಜಿಗಳನ್ನು ಮಾತಾಡಿಸಿದಳು. ಹೆಚ್ಚಿನವರು ಲಿಂಗಾಯತರು, ಮಾರವಾಡಿಗಳು, ಬ್ರಾಹ್ಮಣರು. ಎಲ್ಲರದೂ ಒಂದೇ ಕಥೆ: ಸಣ್ಣ ಅಂಗಡಿ, ಕೆಲವೇ ಆಳುಗಳು, ದೊಡ್ಡ ಕಾರಖಾನೆಗೆ ಮಾಡಿದ ಕಾಯಿದೆ ಇಲ್ಲಿಗೆ ತಾಗುವುದಿಲ್ಲ. ಅವಳ ವಾದ ಗಟ್ಟಿಯಾಗಿ ನಿಂತಿತು: ಕಾಯಿದೆ ಬರೆದವರ ಕಣ್ಣಿಗೆ ಭಾರ ಹೊರುವವನು ಕಂಡ, ಲೇಖನಿ ಹಿಡಿದವನು ಕಾಣಲಿಲ್ಲ. ಅಪ್ಪನ ಸಂಗತಿಯನ್ನು ‘ಒಬ್ಬ ಗುಮಾಸ್ತ’ ಎಂದು ಹೆಸರಿಲ್ಲದೆ ಹಾಕಿದ್ದಳು. ಮನೆಯಲ್ಲಿ ಏನು ಬರೆಯುತ್ತಿದ್ದೇನೆಂದು ಹೇಳಲಿಲ್ಲ. ಹಮಾಲನಿಗಿಂತ ನೀನು ಕಡಿಮೆಯಾದೆ ಎಂದು ಅಪ್ಪನಿಗೆ ಹೇಗೆ ಹೇಳುವುದು?

ಎರಡು ಸಾವಿರದ ಆರರ ಜೂನಿನಲ್ಲಿ ಒಪ್ಪಿಗೆ ಬಂತು. ದೊಡ್ಡ ಪತ್ರಿಕೆ, ಬಡ್ತಿಗೆ ಬೇಕಾದದ್ದು ಅದೊಂದೇ ಆಗಿತ್ತು. ಸಂಪಾದಕರು ಒಂದೇ ಸಣ್ಣ ಕೆಲಸ ಹೇಳಿದ್ದರು: ಆ ಗುಮಾಸ್ತನ ವಿಷಯ ಲೇಖಕಿಗೆ ಇಷ್ಟು ಹತ್ತಿರದಿಂದ ಹೇಗೆ ಗೊತ್ತು, ಒಂದು ಸಾಲಿನಲ್ಲಿ ತಿಳಿಸಿ.

ಒಂದು ಸಾಲು. ‘ಅವರು ನನ್ನ ತಂದೆ.’ ಅದಕ್ಕೆ ಅಪ್ಪನ ಒಪ್ಪಿಗೆ ಬೇಕು.

“ತಪ್ಪಿಸಲಿಕ್ಕೆ ಆಗುದಿಲ್ಲ ಮಾರಾಯ್ತಿ,” ಎಂದಳು ಪ್ರಫುಲ್ಲಾ. “ರುಮಾಲಿನ ಕೆಳಗೆ ಇಷ್ಟು ವರ್ಷ ಇಟ್ಟದ್ದು ಯಾರನ್ನು ಅಂತ ಈಗ ಗೊತ್ತಾಯಿತಲ್ಲ.”

ಅಂದು ಸಂಜೆ ಅವಳು ಅಪ್ಪನ ಕುರ್ಚಿಯ ಪಕ್ಕ ಕೂತು ಲೇಖನವನ್ನು ಒಂದೊಂದೇ ಸಾಲು ಕನ್ನಡಕ್ಕೆ ತಿರುಗಿಸಿ ಓದಿದಳು. ಮಲಕಪ್ಪನವರು ಕಣ್ಣು ಮುಚ್ಚಿ ಕೇಳಿದರು. ರುದ್ರವ್ವ ಒಳಗೆ ಶೇಂಗಾ ಹುರಿಯುವುದನ್ನು ನಿಲ್ಲಿಸಿ ಬಾಗಿಲಿಗೆ ಬಂದು ನಿಂತಳು. ಶಾಲಿನ ಮಾತು ಬಂದಾಗ ಶೈಲಾಳ ದನಿ ಸಣ್ಣದಾಯಿತು. ಅಪ್ಪ ಸಿಟ್ಟಾಗಲಿಲ್ಲ. ಅವರು ತಡೆದದ್ದು ಬೇರೆ ಕಡೆ.

“ಕಾಯಿದೆಯವರಿಗೆ ನಾ ಕಾಣಲಿಲ್ಲ ಅಂತ ಬರದೀಯೇನ?”

“ಹೌದಪ್ಪಾ.”

“ಸುಳ್ಳದು.”

ಮಲಕಪ್ಪನವರು ಟೋಪಿ ತೆಗೆದು ತೊಡೆಯ ಮೇಲೆ ಇಟ್ಟುಕೊಂಡರು. ಹೊರಗಿನವರ ಎದುರು ಅವರು ಟೋಪಿ ತೆಗೆಯುತ್ತಿರಲಿಲ್ಲ, ಮನೆಯಲ್ಲೂ ಅಪರೂಪ.

“ಮಂಡಳಿ ಹೊಸದಾಗಿ ಬಂದಾಗ ಧೋಂಡಿಬಾನ ಗುಂಪಿನ ಮುಕಾದಮ ನನ್ನ ಕಡೆ ಬಂದಿದ್ದ. ಹಮಾಲರ ಜೋಡಿ ತೋಲಾರರ ಹೆಸರೂ ಹಚಗೋತಿದ್ರು, ತಕ್ಕಡಿ ಮುಂದ ನಿಂತು ತೂಗಾವರದು. ನಾ ಅರ್ಧಾ ದಿನಾ ತಕ್ಕಡಿ ಮುಂದನ ಇರತಿದ್ದೆ ಅಲ್ಲ? ‘ದಿವಾಣಜೀ, ನಿಮ್ಮ ಹೆಸರೂ ತೋಲಾರ ಅಂತ ಹಚ್ಚಸ್ರಿ, ನಾವು ಸಾಕ್ಷಿ ಹೇಳತೀವಿ’ ಅಂದ. ಸಾವುಕಾರನೂ ಬ್ಯಾಡ ಅಂದಿದ್ದಿಲ್ಲ.”

“ಮತ್ತ?”

“ಹೆಸರು ಹಚ್ಚಸಾಕ ಹಮಾಲರ ಸಾಲಿನ್ಯಾಗ ನಿಂದ್ರಬೇಕಿತ್ತವ್ವಾ. ನಡು ಪ್ಯಾಟ್ಯಾಗ, ಎಲ್ಲಾರ ಮುಂದ. ಕಿಸೇದಾಗ ಪೆನ್ನು ಇಟಗೊಂಡು ನಾ ಆ ಸಾಲಿನ್ಯಾಗ ನಿಂದ್ರಲೇನು ಅಂತ ಒಲ್ಲೆ ಅಂದೆ. ನಾ ಒಬ್ಬನ ಅಲ್ಲ. ನಮ್ಮ ಓಳಿ ದಿವಾಣಜಿಗೋಳೆಲ್ಲಾ ಒಲ್ಲೆ ಅಂದ್ರು. ನಕ್ಕಿವಿ, ಚಾ ಕುಡದಿವಿ.”

ಬಾಗಿಲಲ್ಲಿ ನಿಂತ ರುದ್ರವ್ವ, “ನನಗ ಒಂದಿನಾ ಹೇಳಲಿಲ್ಲ ನೋಡ ಈ ಮನಿಶಾ” ಎಂದಳು.

“ಹೇಳಿದ್ರ ನೀ ಹೋಗಿ ನಿಂದರತಿದ್ದಿ” ಎಂದರು ಮಲಕಪ್ಪನವರು. ಮೂವರಿಗೂ ನಗು ಬಂತು. ಶೈಲಾಳ ನಗು ಬೇಗ ನಿಂತಿತು. ಅವಳು ಮಾತಾಡಿಸಿದ ಅಷ್ಟೂ ದಿವಾಣಜಿಗಳು ಕಾಯಿದೆ ತಾಗಲಿಲ್ಲ ಎಂದಿದ್ದರು, ಒಬ್ಬರೂ ಇದನ್ನು ಹೇಳಿರಲಿಲ್ಲ. ಎಲ್ಲರೂ ಬಟ್ಟೆಯ ಕೆಳಗೆ ಬೆರಳು ಮಡಚಿ ಹಿಡಿದಿದ್ದರು. ಪೇಟೆಯಲ್ಲೇ ಬೆಳೆದ ಅವಳು ಮೇಲಿನ ಮಾತನ್ನು ನಂಬಿ ಬರೆದಿದ್ದಳು.

ಮರುದಿನ ಗುರುವಾರ. ಧೋಂಡಿಬಾನನ್ನು ಕೇಳಿದಳು. “ಹೌದು, ಮುಕಾದಮನ ಹಿಂದೆ ನಾನೂ ಬಂದಿದ್ದೆ” ಎಂದು ಅವನು ಮರಾಠಿಯಲ್ಲಿ ಹೇಳಿದ. ಇಷ್ಟು ವರ್ಷ ಯಾಕೆ ಹೇಳಲಿಲ್ಲ ಎಂದರೆ, “ದಿವಾಣಜಿಯ ಮಾತು ದಿವಾಣಜಿ ಹೇಳಬೇಕು” ಎಂದು ಬಸಿಯಲ್ಲಿ ಚಹಾ ಸುರಿದುಕೊಂಡ. ಉಳಿದ ದಿವಾಣಜಿಗಳ ಬಳಿಗೂ ಅವಳು ತಿರುಗಿ ಹೋದಳು. ಈ ಸಲ ತನ್ನ ಅಪ್ಪ ಒಲ್ಲೆ ಅಂದದ್ದನ್ನು ಮೊದಲು ಹೇಳಿದಳು. ಒಬ್ಬೊಬ್ಬರಾಗಿ, ಅತ್ತ ಇತ್ತ ನೋಡಿ, ಹೌದು ಎಂದರು.

ಜುಲೈನಲ್ಲಿ ಅವಳು ಪತ್ರಿಕೆಗೆ ಬರೆದು ಲೇಖನ ವಾಪಸು ತರಿಸಿಕೊಂಡಳು.

ಪ್ರಿನ್ಸಿಪಾಲರು ತಲೆ ಚಚ್ಚಿಕೊಂಡರು. ಪ್ರಫುಲ್ಲಾ ಹೋಟೆಲಿನಲ್ಲಿ ಎಲ್ಲರಿಗೂ ಕೇಳುವಂತೆ ಬೈದಳು. “ಒಂದು ಅಡಿಟಿಪ್ಪಣಿ ಹಾಕಿದ್ರೆ ಮುಗೀತಿತ್ತು! ‘ಕೆಲವರು ನಿರಾಕರಿಸಿದ್ದೂ ಉಂಟು’ ಅಂತ. ಯಾರು ಬೇಡ ಹೇಳ್ತಿದ್ರು? ಬಡ್ತಿ ಬಾಗಿಲಿಗೆ ಬಂದಾಗ ಚಿಲಕ ಹಾಕುದಾ?”

“ಅಡಿಟಿಪ್ಪಣಿ ಅಂದ್ರ ಮತ್ತ ರುಮಾಲು,” ಎಂದಳು ಶೈಲಾ. “ಇದು ಮೊದಲನೇ ಸಾಲಿನ ಮಾತು ಪ್ರಫುಲ್ಲಾ. ಸರಕಾರ ಆಸರಾ ಕೊಟ್ರ ಸಾಲದು, ಅದನ್ನ ತಗೊಳ್ಳಾಕ ಯಾರ ಮಗ್ಗಲಕ ನಿಂದ್ರಬೇಕು ಅನ್ನೂದನ್ನೂ ನೋಡಬೇಕು. ನಾ ಅದನ್ನ ನೋಡಿದ್ದಿಲ್ಲ. ಕಾಯಿದೆ ಮ್ಯಾಲ ತಪ್ಪು ಹೊರಿಸಿ ಆರಾಮ ಕುಂತಿದ್ದೆ.”

“ಮತ್ತೆ ಮೂರು ವರ್ಷ ಬೇಕು ನಿನಗೆ.”

“ಹತ್ತಲಿ. ಎಲ್ಲೆ ಓಡಿ ಹೋಗತೀನಿ?”

ಆ ಮಾತನ್ನು ನೆನೆಯಲು ಪ್ರಫುಲ್ಲಾಗೆ ಈಗ ಆಗುವುದಿಲ್ಲ. ಅಂದು ಅವಳು ಸಿಟ್ಟಿನಲ್ಲೇ ಎದ್ದು ಹೋಗಿ, ಮರುದಿನ ಎರಡು ರೀಮು ಕಾಗದ ತಂದು ಶೈಲಾಳ ಮೇಜಿನ ಮೇಲೆ ಎತ್ತಿ ಹಾಕಿದಳು. “ಬರಿ, ತೀರುವಷ್ಟು ಬರಿ” ಎಂದಳು.

ಆಗಸ್ಟಿನ ಆ ಮಂಗಳವಾರದ ಹಿಂದಿನ ದಿನ, ಸೋಮವಾರ, ಕಾಲೇಜಿಗೆ ರಜೆ. ಹೊರಗೆ ತುಂತುರು ಹನಿಯುತ್ತಿತ್ತು. ಮಧ್ಯಾಹ್ನ ಎಡಗೈ ಸ್ವಲ್ಪ ಜೋಮು ಹಿಡಿದಂತಿದೆ ಎಂದಳಂತೆ. ಬರೆದೂ ಬರೆದೂ ಹಾಗಾಗಿದೆ ಎಂದು ರುದ್ರವ್ವ ಎಣ್ಣೆ ತಿಕ್ಕಿದಳು. ಬರೆಯುವ ಕೈ ಬಲಗೈ ಎಂಬುದು ಇಬ್ಬರಿಗೂ ಹೊಳೆಯಲಿಲ್ಲ. ಸಂಜೆ ಅವಳು ಊಟದ ಮೇಜಿಗೆ ಕೂತು ಹೊಸ ಕಾಗದ ತೆಗೆದಳು. ಈ ಸಲ ಮೊದಲು ಕನ್ನಡದಲ್ಲೇ ಬರೆದಳು, ಅಪ್ಪನಿಗೆ ತಾನೇ ಓದಲಿಕ್ಕೆ ಬರಲಿ ಎಂದು. ಕೆಲವು ಸಲ ಹೊಡೆದು ಹಾಕಿ, ಕೊನೆಗೆ ಹಾಳೆಯ ತುದಿಯಲ್ಲಿ ದೊಡ್ಡ ಅಕ್ಷರದಲ್ಲಿ ಬರೆದ ವಾಕ್ಯ ಇದು:

‘ಒಂದೇ ಅಂಗಡಿಯಲ್ಲಿ ಚೀಲ ಹೊತ್ತವನು ಸಾಲಿನಲ್ಲಿ ನಿಂತು ತನ್ನ ಮುಪ್ಪಿಗೆ ಆಸರೆ ಪಡೆದ, ಲೆಕ್ಕ ಬರೆದವನು ಆ ಸಾಲಿನಲ್ಲಿ ನಿಲ್ಲಲು ಒಲ್ಲೆ ಎಂದ, ಒಲ್ಲೆ ಎಂದವರು ನನ್ನ ತಂದೆ.’

ಮಲಕಪ್ಪನವರು ಹಾಳೆಯನ್ನು ಕಣ್ಣಿಗೆ ಹತ್ತಿರ ಹಿಡಿದು ಓದಿದರು. ಮತ್ತೊಮ್ಮೆ ಓದಿದರು.

“ತಂದೆ ಅಂದ್ರ ಯಾರು? ಹೆಸರಿಲ್ಲೇನ ಅವಂಗ?”

“ಹಾಕಲೇನಪ್ಪಾ?”

“ಧೋಂಡಿಬಾಂದು?”

“ಅವರನ್ನೂ ಕೇಳತೀನಿ. ಗುರುವಾರ ಬರತಾರಲ್ಲ.”

“ಅಂದು ಹಚ್ಚಸಲಿಲ್ಲ. ಇಲ್ಲೆರ ಹಚ್ಚಸೋಣು. ತಾ ಇಲ್ಲೆ, ನಾನ ಬರೀತೀನಿ.”

ಅಂಗಡಿ ಬಿಟ್ಟ ಮೇಲೆ ಅವರು ಬರೆದದ್ದೇ ಕಡಿಮೆ. ಕಿಸೆಯ ಪೆನ್ನುಗಳು ಶೋಭೆಗೆ ಮಾತ್ರ ಉಳಿದಿದ್ದವು. ಒಂದನ್ನು ತೆಗೆದು, ಮುಚ್ಚಳ ಬಿಚ್ಚಿ, ನಿಬ್ಬಿನಲ್ಲಿ ಮಸಿ ಇದೆಯೇ ಎಂದು ಉಗುರಿನ ಮೇಲೆ ಗೀರಿ ನೋಡಿದರು. ವಾಕ್ಯದ ಕೊನೆಯಲ್ಲಿ ಜಾಗವಿತ್ತು. ಮೊದಲ ಅಕ್ಷರ ಮೂಡುವಾಗಲೇ ಹಾಳೆ ಪೆನ್ನಿನ ಜೊತೆ ಸರಿಯಿತು. ಶೈಲಾ ಕುರ್ಚಿಯಿಂದ ಇಳಿದು ಅಪ್ಪನ ಮೊಣಕಾಲ ಬಳಿ, ಗುರುವಾರ ಧೋಂಡಿಬಾ ಕೂರುವ ಜಾಗದಲ್ಲಿ ಕೂತಳು. ಅವರು ಹೆಸರು ಬರೆದು ಮುಗಿಸುವವರೆಗೆ ಹಾಳೆ ಅಲುಗದಂತೆ ಎರಡೂ ಕೈಯಿಂದ ಒತ್ತಿ ಹಿಡಿದುಕೊಂಡಳು.